ಗಿಡದೊಳಗಿನ ಶಿಲೀಂಧ್ರ ಸಂಯುಕ್ತ ಕೊಡದಿದ್ದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಆರೋಗ್ಯವಾಗಿ ಕಾಣುವ ಎಲೆ, ಕಾಂಡ, ತೊಗಟೆ, ಬೇರುಗಳ ಒಳಗೆ ಗಿಡಕ್ಕೆ ಯಾವ ರೋಗಲಕ್ಷಣವನ್ನೂ ತಾರದೆ ಬದುಕುವ ಶಿಲೀಂಧ್ರಗಳನ್ನು ಎಂಡೋಫೈಟ್‌ಗಳು ಅಥವಾ ಅಂತರ್ಜೀವಿ ಶಿಲೀಂಧ್ರಗಳು ಎನ್ನುತ್ತೇವೆ. ಇವುಗಳಲ್ಲಿ ಕೆಲವು ತಾವು ನೆಲೆಸಿದ ಗಿಡದ ಔಷಧೀಯ ಸಂಯುಕ್ತವನ್ನೇ ತಯಾರಿಸುತ್ತವೆ ಎಂಬ ವರದಿಗಳು ಬಂದ ಮೇಲೆ, ಮರ ಕಡಿಯದೆ ಔಷಧಿ ಪಡೆಯಬಹುದೆಂಬ ಆಸೆ ಹುಟ್ಟಿತು. ಕರ್ನಾಟಕದವರಿಗೆ ಇದರ ಹತ್ತಿರದ ಉದಾಹರಣೆ ಕ್ಯಾಂಪ್ಟೋಥೆಸಿನ್. ಚೀನಾ ಮೂಲದ ಕ್ಯಾಂಪ್ಟೋಥೀಕಾ ಅಕ್ಯುಮಿನಾಟ ಮರದಿಂದ ಇದನ್ನು ಬೇರ್ಪಡಿಸಿದ ವರದಿ ಪ್ರಕಟವಾದದ್ದು 1966ರಲ್ಲಿ. ಮುಂದೆ ಇದರಿಂದಲೇ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದವು. ನಮ್ಮ ಪಶ್ಚಿಮ ಘಟ್ಟದ ನೋಥಪೋಡೈಟಿಸ್ ನಿಮ್ಮೋನಿಯಾನ ಮರದಲ್ಲಿ ಈ ಸಂಯುಕ್ತ ಧಾರಾಳವಾಗಿರುವುದರಿಂದ ಕಾಡಿನಲ್ಲಿ ಆ ಮರಕ್ಕೆ ಕೊಡಲಿ ಪೆಟ್ಟು ಬಿತ್ತು. ಅದೇ ಮರದೊಳಗಿನ ಶಿಲೀಂಧ್ರವೊಂದು ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆಂದು ಜಮ್ಮುವಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. 2010ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಂಡವು ಆಗ ಅದೇ ಕುಟುಂಬಕ್ಕೆ ಸೇರಿದೆ ಎನ್ನಲಾಗಿದ್ದ ಅಪೊಡೈಟಿಸ್ ಡಿಮಿಡಿಯಾಟ ಮರದಿಂದ ಪಡೆದ ಫ್ಯುಸೇರಿಯಮ್ ಸೊಲಾನಿ ತಳಿಗಳಲ್ಲಿ ಇದನ್ನೂ ಇದರ ಎರಡು ಹತ್ತಿರದ ಸಂಬಂಧಿ ಸಂಯುಕ್ತಗಳನ್ನೂ ಗುರುತಿಸಿತು.

ಈ ವರದಿಗಳನ್ನು ಓದಿ ಪ್ರತಿ ವರ್ಷ ನಮ್ಮ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಅನೇಕ ವಿದ್ಯಾರ್ಥಿಗಳು ಎಂಡೋಫೈಟ್ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುತ್ತಾರೆ, ಮತ್ತು ಅವರಲ್ಲಿ ಬಹುತೇಕರು ಎಲ್ಲಿಯೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗಾದಾಗ ಕೂಡಲೇ ದುಬಾರಿ ಉಪಕರಣದ ಮೊರೆ ಹೋಗುವುದು ಸಾಮಾನ್ಯ ಪ್ರವೃತ್ತಿ. ನನ್ನ ಖಚಿತ ಅಭಿಪ್ರಾಯವೆಂದರೆ, ದೋಷವು ರಸಾಯನಶಾಸ್ತ್ರದ ಹಂತದಲ್ಲಿರುವುದಕ್ಕಿಂತ ಅದಕ್ಕೂ ಮೊದಲಿನ ಮೂರು ಪ್ರಶ್ನೆಗಳಲ್ಲಿ ಅಡಗಿರುವುದೇ ಹೆಚ್ಚು: ಈ ಶಿಲೀಂಧ್ರ ನಿಜಕ್ಕೂ ಗಿಡದ ಒಳಗಿನದೇ? ಕಂಡ ಪರಿಣಾಮ ನಿಜಕ್ಕೂ ಶಿಲೀಂಧ್ರದ್ದೇ? ಈಗ ಟ್ಯೂಬಿನಲ್ಲಿರುವ ಶಿಲೀಂಧ್ರ, ಮೊದಲ ದಿನ ಸಂಯುಕ್ತ ಕೊಟ್ಟ ಶಿಲೀಂಧ್ರದಂತೆಯೇ ಉಳಿದಿದೆಯೇ? ಮುಂದಿನ ವಿಭಾಗಗಳು ಈ ಪ್ರಶ್ನೆಗಳ ಹಾದಿಯಲ್ಲೇ, ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯ ಕಡೆಗೆ ಸಾಗುತ್ತವೆ.

ಕೆಲಸಕ್ಕೆ ಕೂರುವ ಮೊದಲು ಸುರಕ್ಷತೆ

ಗಾಳಿಯನ್ನು ಮುಖದ ಕಡೆಗೆ ಬೀಸುವ ಸಾಮಾನ್ಯ ಲ್ಯಾಮಿನಾರ್ ಏರ್ ಫ್ಲೋ ಯಂತ್ರವು ಶಿಲೀಂಧ್ರ ಬೆಳೆಸುವ ತಟ್ಟೆಯನ್ನು ಕಾಪಾಡುತ್ತದೆಯೇ ಹೊರತು ಅದರ ಮುಂದೆ ಕುಳಿತವರನ್ನು ಕಾಪಾಡುವುದಿಲ್ಲ. ಬೀಜಕಗಳು ಪುಡಿಯಾಗಿ ಎದ್ದಿರುವ ಆಸ್ಪರ್ಜಿಲಸ್ ತಟ್ಟೆಯನ್ನು ಅದರಲ್ಲಿ ತೆರೆದರೆ ಆ ಪುಡಿಯೆಲ್ಲ ನೇರವಾಗಿ ನಿಮ್ಮ ಶ್ವಾಸಕೋಶ ಸೇರುತ್ತದೆ. ಅಂಥ ತಟ್ಟೆಗಳನ್ನು ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ ಮಾತ್ರ ತೆರೆಯಬೇಕು; ಅದು ಇಲ್ಲವಾದರೆ ತಟ್ಟೆಯನ್ನು ತೆರೆಯದೆಯೇ ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಬೇಯಿಸಿ) ಬಿಸಾಡಬೇಕು. ಉಬ್ಬಸ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿಸುವ ಔಷಧಿ ಸೇವಿಸುತ್ತಿರುವವರು ಈ ಕೆಲಸಕ್ಕೆ ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಫ್ಯುಸೇರಿಯಮ್ ಸೊಲಾನಿ ಕಣ್ಣಿನ ಕಾರ್ನಿಯಾಕ್ಕೆ ತೀವ್ರ ಸೋಂಕು ತರಬಲ್ಲದು. ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿದ ಶಿಲೀಂಧ್ರ) ಕಣ್ಣಿಗೆ ಸಿಡಿದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ನೇತ್ರ ವೈದ್ಯರ ಬಳಿ ಹೋಗಿ, ಯಾವ ಶಿಲೀಂಧ್ರದೊಂದಿಗೆ ಕೆಲಸ ಮಾಡುತ್ತಿದ್ದಿರೆಂದು ತಪ್ಪದೆ ಹೇಳಿ. ಶಿಲೀಂಧ್ರದ ಕಚ್ಚಾ ಸಾರವನ್ನು ಯಾವ ಕಾರಣಕ್ಕೂ ಬಾಯಿಗೆ ಹಾಕಬಾರದು, ಗಾಯಕ್ಕೆ ಹಚ್ಚಬಾರದು, ದನಕರುಗಳಿಗೂ ಕೊಡಬಾರದು. ಗಿಡ ಔಷಧೀಯವಾಗಿದ್ದ ಮಾತ್ರಕ್ಕೆ ಅದರೊಳಗಿನ ಬೂಷ್ಟು ವಿಷರಹಿತವಾಗಿರುತ್ತದೆ ಎಂದೇನಿಲ್ಲ.

ಲಕ್ಷಣ: ವಾರ ಕಳೆದರೂ ಎಲೆ ಚೂರಿನಿಂದ ಏನೂ ಹೊರಬರುತ್ತಿಲ್ಲ

ಎಂಡೋಫೈಟ್ ಪಡೆಯಲು, ಮೇಲ್ಮೈಯನ್ನು ಕ್ರಿಮಿರಹಿತಗೊಳಿಸಿದ ಎಲೆಯ ಚೂರನ್ನು ಅಗರ್ ಎಂಬ ಜೆಲ್ಲಿಯಂಥ ಬೆಳವಣಿಗೆಯ ಮಾಧ್ಯಮ ತುಂಬಿದ ತಟ್ಟೆಯ ಮೇಲಿಟ್ಟು, ಒಳಗಿನ ಶಿಲೀಂಧ್ರ ಹೊರಬರುವುದನ್ನು ಕಾಯುತ್ತೇವೆ. ಮೊದಲ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ: ಇನ್ನೂ ಕಾಯಿರಿ. ಕೆಲವು ಎಂಡೋಫೈಟ್‌ಗಳು ನಾಲ್ಕೈದು ದಿನಕ್ಕೇ ಎಳೆ ಚಾಚಿದರೆ, ನಿಧಾನವಾಗಿ ಬೆಳೆಯುವವು ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತವೆ, ಮತ್ತು ಹೊಸ ಸಂಯುಕ್ತಗಳ ದೃಷ್ಟಿಯಿಂದ ಈ ನಿಧಾನಿಗಳೇ ಹೆಚ್ಚು ಕುತೂಹಲಕರ. ತಟ್ಟೆಯ ಅಂಚನ್ನು ಪ್ಯಾರಾಫಿಲ್ಮ್‌ನಿಂದ ಸುತ್ತಿ 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಚೂರಿನ ಕತ್ತರಿಸಿದ ಅಂಚನ್ನು ದಿನವೂ ಭೂತಗನ್ನಡಿಯಿಂದ ನೋಡಬೇಕು. ಶಿಲೀಂಧ್ರ ಹೊರಬರುವುದು ಸಾಮಾನ್ಯವಾಗಿ ಈ ಅಂಚಿನಿಂದಲೇ: ಮೊದಲು ಕೂದಲಿಗಿಂತ ತೆಳುವಾದ ಕೆಲವೇ ಎಳೆಗಳು ಅಗರ್ ಮೇಲೆ ಬೀಸಣಿಗೆಯಂತೆ ಹರಡುತ್ತವೆ, ಓರೆ ಬೆಳಕಿನಲ್ಲಿ ಹಿಡಿದರೆ ಮಾತ್ರ ಕಾಣುತ್ತವೆ.

ಕಾದರೂ ಏನೂ ಬಾರದಿದ್ದರೆ ಸಂಶಯ ಹೋಗಬೇಕಾದದ್ದು ಮೇಲ್ಮೈ ಸೋಂಕುನಿವಾರಣೆಯ ಮೇಲೆ. ಸಾಮಾನ್ಯ ಕ್ರಮವೆಂದರೆ 70 ಪ್ರತಿಶತ ಎಥನಾಲ್‌ನಲ್ಲಿ ಒಂದು ನಿಮಿಷ, 2ರಿಂದ 4 ಪ್ರತಿಶತ ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ (ಬ್ಲೀಚ್) ಮೂರರಿಂದ ಐದು ನಿಮಿಷ, ಮತ್ತೆ ಎಥನಾಲ್‌ನಲ್ಲಿ ಅರ್ಧ ನಿಮಿಷ, ಕೊನೆಗೆ ಕ್ರಿಮಿರಹಿತ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯುವುದು. ದಪ್ಪ ತೊಗಟೆಗೆ ಇದು ಸರಿಯಾದರೂ ತೆಳುವಾದ ಎಲೆಗೆ ಅತಿಯಾಗುತ್ತದೆ: ಬ್ಲೀಚ್ ಒಳಕ್ಕೆ ಇಳಿದು ಒಳಗಿನ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎಲೆಯ ಚೂರು ಪೂರ್ತಿ ಬಿಳಿಚಿಕೊಂಡು ಗಾಜಿನಂತೆ ಪಾರದರ್ಶಕವಾಗಿದ್ದರೆ ಅದೇ ಗುರುತು. ಬ್ಲೀಚ್‌ನ ಅವಧಿಯನ್ನು ಒಂದು, ಎರಡು, ಮೂರು, ಐದು ನಿಮಿಷಗಳೆಂದು ಬದಲಿಸಿ ಒಂದೇ ಎಲೆಯ ಚೂರುಗಳಲ್ಲಿ ಹೋಲಿಸಿ ನೋಡಿ. ಎಲೆಯನ್ನು ಮೊದಲೇ ಸಣ್ಣಗೆ ಕತ್ತರಿಸಿ ಬ್ಲೀಚಿಗೆ ಹಾಕುವುದು ಈ ದೋಷದ ಒಂದು ಸಾಮಾನ್ಯ ಕಾರಣ. ದೊಡ್ಡ ತುಂಡನ್ನೇ ಮುಳುಗಿಸಿ, ತೊಳೆದ ನಂತರ ಅಂಚುಗಳನ್ನು ಕ್ರಿಮಿರಹಿತ ಬ್ಲೇಡಿನಿಂದ ಕತ್ತರಿಸಿ ಎಸೆದು, ಉಳಿದ ಭಾಗವನ್ನು ಅರ್ಧ ಸೆಂಟಿಮೀಟರ್ ಚೂರುಗಳಾಗಿ ಮಾಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಉರಿಯುವ ಬರ್ನರ್ ಪಕ್ಕದಲ್ಲಿ ಎಥನಾಲ್ ಬೀಕರ್ ಇಡಬಾರದು. ಹಗಲು ಬೆಳಕಿನಲ್ಲಿ ಎಥನಾಲ್ ಜ್ವಾಲೆ ಸರಿಯಾಗಿ ಕಣ್ಣಿಗೆ ಕಾಣುವುದಿಲ್ಲ. ಬಳಸಿದ ಬ್ಲೀಚನ್ನು ಆಮ್ಲವಿರುವ ಅಥವಾ ಅಮೋನಿಯ ಇರುವ ತ್ಯಾಜ್ಯದ ಬಾಟಲಿಗೆ ಸುರಿಯಬಾರದು, ಏಕೆಂದರೆ ವಿಷಾನಿಲ ಹೊರಬರುತ್ತದೆ.

ಮಾದರಿಯ ವಯಸ್ಸೂ ಮುಖ್ಯ. ಕಾಡಿನಿಂದ ತಂದ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಬಸ್ಸಿನ ಬಿಸಿಯಲ್ಲಿ ತಂದರೆ ಅದು ಬೆವರಿ ಕೊಳೆಯಲು ತೊಡಗುತ್ತದೆ. ಕಾಗದದ ಚೀಲದಲ್ಲಿಟ್ಟು, ತಂಪಾಗಿ ತಂದು, ಸಾಧ್ಯವಾದಷ್ಟೂ 24 ಗಂಟೆಯೊಳಗೆ ತಟ್ಟೆಗೆ ಹಾಕಬೇಕು. ಹೊಸ ಮಾದರಿಗಾಗಿ ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇರಲೇಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಯಾವ ವಿಧಿಗಳು ನಿಮ್ಮ ಕೆಲಸಕ್ಕೆ ಅನ್ವಯಿಸುತ್ತವೆಂಬುದನ್ನು ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ನಾಲ್ಕಾರು ಎಲೆ, ಒಂದು ಸಣ್ಣ ಕೊಂಬೆ ಸಾಕು. ಈಗಾಗಲೇ ಸೊರಗಿರುವ ಮರದ ತೊಗಟೆಯನ್ನು ಸುತ್ತಲೂ ಸುಲಿದು ತರುವುದಕ್ಕೆ ಯಾವ ಪ್ರಾಜೆಕ್ಟೂ ಸಮರ್ಥನೆಯಾಗದು.

ಲಕ್ಷಣ: ಎರಡು ಮೂರು ದಿನಕ್ಕೇ ತಟ್ಟೆಯೆಲ್ಲ ಬೂಷ್ಟು

ಇಲ್ಲಿ ಬೂಷ್ಟು ಎಲ್ಲಿಂದ ಶುರುವಾಗಿದೆ ಎಂಬುದನ್ನು ನೋಡುವುದೇ ಅರ್ಧ ರೋಗನಿರ್ಣಯ. ಚೂರಿಗೆ ಸಂಬಂಧವಿಲ್ಲದ ಜಾಗದಲ್ಲಿ, ಬರಿಯ ಅಗರ್ ಮೇಲೆ ದುಂಡನೆಯ ಕಾಲೊನಿಗಳು ಎದ್ದಿದ್ದರೆ ದೋಷ ಗಾಳಿಯದು ಅಥವಾ ಮಾಧ್ಯಮದ್ದು. ಚೂರಿಲ್ಲದ ಒಂದು ತಟ್ಟೆಯನ್ನು ಮುಚ್ಚಿಯೇ ಇಡಿ, ಇನ್ನೊಂದನ್ನು ಕೆಲಸದ ಜಾಗದಲ್ಲಿ ಹದಿನೈದು ನಿಮಿಷ ತೆರೆದಿಡಿ. ಮೊದಲನೆಯದರಲ್ಲೇ ಬೂಷ್ಟು ಬಂದರೆ ಆಟೋಕ್ಲೇವ್ 121 ಡಿಗ್ರಿ ತಲುಪುತ್ತಿಲ್ಲ ಅಥವಾ ತಟ್ಟೆ ಸುರಿಯುವಾಗಲೇ ಎಡವಟ್ಟಾಗುತ್ತಿದೆ. ಎರಡನೆಯದರಲ್ಲಿ ಮಾತ್ರ ಬಂದರೆ ಲ್ಯಾಮಿನಾರ್ ಫ್ಲೋದ ಫಿಲ್ಟರ್ ಪರೀಕ್ಷೆ ಮಾಡಿಸಿ.

ಬೂಷ್ಟು ಎಲ್ಲ ಚೂರುಗಳ ಸುತ್ತಲೂ, ಚೂರಿನ ಮೇಲ್ಭಾಗದಿಂದಲೇ ಎದ್ದಿದ್ದರೆ ಸೋಂಕುನಿವಾರಣೆ ಸಾಲದಾಗಿದೆ. ಇದನ್ನು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಒಂದು, ಕೊನೆಯ ಬಾರಿ ತೊಳೆದ ನೀರಿನಲ್ಲಿ 100 ಮೈಕ್ರೋಲೀಟರ್ ತೆಗೆದು ಬೇರೆ ತಟ್ಟೆಯ ಮೇಲೆ ಹರಡುವುದು. ಇನ್ನೊಂದು, ಸೋಂಕುನಿವಾರಣೆ ಮಾಡಿದ ಎಲೆಯನ್ನು ಕತ್ತರಿಸುವ ಮೊದಲು ಅಗರ್ ಮೇಲೆ ಅಚ್ಚೊತ್ತಿದಂತೆ ಒಂದು ನಿಮಿಷ ಒತ್ತಿ ತೆಗೆದು, ಆ ತಟ್ಟೆಯನ್ನು ಉಳಿದವುಗಳ ಜೊತೆಯಲ್ಲೇ ಇಡುವುದು. ಅಚ್ಚಿನ ತಟ್ಟೆಯಲ್ಲಿ ಎಲೆಯ ಆಕಾರದಲ್ಲೇ ಬೂಷ್ಟು ಮೂಡಿದರೆ ನಿಮಗೆ ಸಿಕ್ಕಿರುವುದು ಎಲೆಯ ಮೇಲೆ ಕುಳಿತಿದ್ದ ಧೂಳಿನ ಶಿಲೀಂಧ್ರ. ಆ ಗುಂಪಿನ ಎಲ್ಲ ತಟ್ಟೆಗಳನ್ನೂ ಎಂಡೋಫೈಟ್ ಲೆಕ್ಕದಿಂದ ಕೈಬಿಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೈಪಿಡಿಯಲ್ಲಿ ಅತಿ ಮುಖ್ಯವಾದ ಪರೀಕ್ಷೆ ಇದೇ. ಒಂದು ತಟ್ಟೆ ಅಗರ್‌ನ ಖರ್ಚಿಗೆ ಮುಂದಿನ ಒಂದು ವರ್ಷದ ಕೆಲಸದ ಬುನಾದಿ ಗಟ್ಟಿಯಾಗುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಇದರ ಫಲಿತಾಂಶವಿಲ್ಲದಿದ್ದರೆ ಮಾರ್ಗದರ್ಶಕರು ಮುಂದಿನ ಪುಟ ತಿರುವಬಾರದು. ಮೇಣದ ಪದರವಿರುವ ಎಲೆಗೆ ಬ್ಲೀಚ್ ದ್ರಾವಣದಲ್ಲಿ ಸೋಪಿನಂತೆ ಕೆಲಸ ಮಾಡುವ ಟ್ವೀನ್ 20 ಒಂದೆರಡು ಹನಿ ಬೆರೆಸಿದರೆ ದ್ರಾವಣ ಮೇಲ್ಮೈಗೆ ಚೆನ್ನಾಗಿ ಹತ್ತುತ್ತದೆ. ಹಳೆಯ ಬ್ಲೀಚ್ ಬಾಟಲಿಯ ಶಕ್ತಿ ಕಾಲಕ್ರಮದಲ್ಲಿ ಕುಂದುವುದರಿಂದ ದ್ರಾವಣವನ್ನು ಅಂದಂದೇ ತಯಾರಿಸಬೇಕು.

ಅಚ್ಚಿನ ತಟ್ಟೆ ಶುಭ್ರವಾಗಿದ್ದೂ ಒಂದೇ ವೇಗದ ಶಿಲೀಂಧ್ರ ಎಲ್ಲವನ್ನೂ ನುಂಗುತ್ತಿದ್ದರೆ, ಅದು ನಿಜಕ್ಕೂ ಒಳಗಿನದೇ ಇರಬಹುದು. ಟ್ರೈಕೋಡರ್ಮ ಹೀಗೆ ಮಾಡುವುದುಂಟು. ಒಂದು ತಟ್ಟೆಗೆ ಹಾಕುವ ಚೂರುಗಳ ಸಂಖ್ಯೆ ಕಡಿಮೆ ಮಾಡಿ, ಪಿಡಿಎ (ಆಲೂಗಡ್ಡೆ ಸಾರ ಮತ್ತು ಸಕ್ಕರೆಯ ಅಗರ್) ಬದಲು ಪೋಷಕಾಂಶವಿಲ್ಲದ ವಾಟರ್ ಅಗರ್ ಬಳಸಿ, ಎಳೆ ಕಂಡ ದಿನವೇ ಅದರ ತುದಿಯನ್ನು ಹೊಸ ತಟ್ಟೆಗೆ ವರ್ಗಾಯಿಸಿ. ರೋಸ್ ಬೆಂಗಾಲ್ ಬೆರೆಸಿದ ಮಾಧ್ಯಮವೂ ವೇಗ ತಗ್ಗಿಸುತ್ತದೆ, ಆದರೆ ಅದನ್ನು ಕತ್ತಲೆಯಲ್ಲಿಡಬೇಕು. ಬೆಳಕು ಬಿದ್ದರೆ ಆ ಬಣ್ಣವೇ ಶಿಲೀಂಧ್ರಕ್ಕೆ ವಿಷವಾಗುತ್ತದೆ.

ಲೋಳೆಯಂತೆ ಹೊಳೆಯುವ ಕೆನೆ ಬಣ್ಣದ ಬೆಳವಣಿಗೆ ಬ್ಯಾಕ್ಟೀರಿಯಾದ್ದು. ಕ್ಲೋರಾಂಫೆನಿಕಾಲ್ ಅನ್ನು ಮಾಧ್ಯಮದ ಜೊತೆಗೇ ಆಟೋಕ್ಲೇವ್ ಮಾಡಬಹುದು. ಸ್ಟ್ರೆಪ್ಟೊಮೈಸಿನ್ ಆ ಬಿಸಿಯನ್ನು ತಾಳದು, ಆದ್ದರಿಂದ ಮಾಧ್ಯಮ 50 ಡಿಗ್ರಿಗೆ ಇಳಿದ ಮೇಲೆ, ಅಂದರೆ ಫ್ಲಾಸ್ಕನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ಆರಿದ ಮೇಲೆ, ಫಿಲ್ಟರ್ ಮಾಡಿ ಸೇರಿಸಬೇಕು.

ಇನ್ನೊಂದು ಲಕ್ಷಣವನ್ನು ಹೊಸಬರು ಗುರುತಿಸುವುದು ಅಪರೂಪ. ಶುದ್ಧವಾಗಿದ್ದ ಕಲ್ಚರಿನ ತಟ್ಟೆಯ ಅಂಚಿನಿಂದ ಒಳಕ್ಕೆ, ಹೆಜ್ಜೆ ಇಟ್ಟಂತೆ ಸಾಲಾಗಿ ಪುಟ್ಟ ಪುಟ್ಟ ಕಾಲೊನಿಗಳು ಎದ್ದಿದ್ದರೆ ಅದು ನುಸಿಯ ಓಡಾಟ. ಡಿಸೆಕ್ಟಿಂಗ್ ಮೈಕ್ರೋಸ್ಕೋಪಿನಡಿ ನೋಡಿದರೆ ಎಂಟು ಕಾಲಿನ, ಪಾರದರ್ಶಕ ದೇಹದ ಸಣ್ಣ ಜೀವಿ ಎಳೆಗಳ ನಡುವೆ ನಿಧಾನವಾಗಿ ಚಲಿಸುವುದೂ, ಅದರ ಮೈಮೇಲಿನ ಉದ್ದ ರೋಮಗಳಿಗೆ ಬೀಜಕಗಳು ಅಂಟಿಕೊಂಡಿರುವುದೂ ಕಾಣುತ್ತದೆ. ಇದು ಒಂದು ತಟ್ಟೆಯ ಸಮಸ್ಯೆಯಲ್ಲ, ಇಡೀ ಇನ್‌ಕ್ಯುಬೇಟರಿನದು. ಕೆಲಸ ಅಲ್ಲಿಗೇ ನಿಲ್ಲಿಸಿ, ನುಸಿ ಕಂಡ ತಟ್ಟೆಗಳನ್ನು ತೆರೆಯದೆ ಆಟೋಕ್ಲೇವ್ ಮಾಡಿ, ಇನ್‌ಕ್ಯುಬೇಟರ್ ಖಾಲಿ ಮಾಡಿ ಎಥನಾಲ್‌ನಿಂದ ಒರೆಸಿ, ಒರೆಸುವಾಗ ವಿದ್ಯುತ್ ಪ್ಲಗ್ ತೆಗೆದಿಡಿ, ಮತ್ತು ಫ್ರೀಜರಿನಲ್ಲಿರುವ ಹಳೆಯ ಸಂಗ್ರಹದಿಂದ ಮತ್ತೆ ಆರಂಭಿಸಿ.

ಲಕ್ಷಣ: ಶಿಲೀಂಧ್ರ ಶುದ್ಧವಾಗಿದೆ, ಆದರೆ ಬೀಜಕ ಬಿಡುವುದಿಲ್ಲ, ಹೆಸರು ಹೇಳಲಾಗುವುದಿಲ್ಲ

ಬಿಳಿ ಹತ್ತಿಯಂತೆ ಬೆಳೆದು ಬೀಜಕವೇ ಬಿಡದ ಎಂಡೋಫೈಟ್‌ಗಳು ಬಹಳ. ಮೊದಲು ಮಾಧ್ಯಮ ಬದಲಿಸಿ: ಓಟ್‌ಮೀಲ್ ಅಗರ್, ಅಥವಾ ಆಟೋಕ್ಲೇವ್ ಮಾಡಿದ ಎಲೆ ಚೂರನ್ನಿಟ್ಟ ವಾಟರ್ ಅಗರ್. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆಯ ಚಕ್ರದಲ್ಲಿಟ್ಟು ಒಂದು ತಿಂಗಳು ನೋಡಿ. ಅದಾಗದಿದ್ದರೆ ಡಿಎನ್‌ಎಯಲ್ಲಿ ಶಿಲೀಂಧ್ರಗಳನ್ನು ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗವನ್ನು ಓದಿಸಬೇಕು. ಆದರೆ ಐಟಿಎಸ್ ಒಂದರಿಂದಲೇ ಫ್ಯುಸೇರಿಯಮ್‌ನ ಪ್ರಭೇದ ನಿರ್ಧರಿಸಲಾಗದು. ಅದಕ್ಕೆ ಟೆಫ್-1 ಜೀನ್ ಕೂಡ ಬೇಕು. ಇಲ್ಲಿ ನೆರವು ಕೇಳುವುದೇ ಜಾಣತನ: ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಕಲ್ಚರ್ ಸಂಗ್ರಹದಲ್ಲಿ ಗುರುತಿಸುವ ಸೇವೆ ಇದೆ.

ಲಕ್ಷಣ: ಎಲ್ಲ ಸಾರಗಳೂ ಬ್ಯಾಕ್ಟೀರಿಯಾ ಕೊಲ್ಲುತ್ತಿವೆ

ತುಂಬ ಒಳ್ಳೆಯದಾಗಿ ಕಾಣುವ ಫಲಿತಾಂಶವೂ ದೋಷದ ಲಕ್ಷಣವೇ ಆಗಿರಬಹುದು. ಪರೀಕ್ಷಿಸಿದ ಹತ್ತೂ ಸಾರಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಸ್ವಚ್ಛ ವಲಯ ಕಂಡರೆ ಮೊದಲು ಅಗರ್‌ನಲ್ಲಿ ಕೊರೆದು ದ್ರಾವಕವನ್ನು ಮಾತ್ರ ಹಾಕಿದ ಗುಂಡಿಯನ್ನು ನೋಡಿ. ಸಾರವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕದ ಪ್ರಮಾಣ ಹೆಚ್ಚಾದರೆ ಅದೇ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಜೀವಕೋಶಗಳ ಪರೀಕ್ಷೆಯಲ್ಲಂತೂ ಅದು ಅರ್ಧ ಪ್ರತಿಶತ ಮೀರದಂತೆ ನೋಡಿಕೊಳ್ಳಬೇಕು. ಸಾರ ತೆಗೆಯಲು ಬಳಸಿದ ಈಥೈಲ್ ಅಸಿಟೇಟ್ ದ್ರಾವಕ ಪೂರ್ತಿ ಆರಿರದಿದ್ದರೂ ಇದೇ ಆಗುತ್ತದೆ.

ಎರಡನೆಯದಾಗಿ ಬ್ರಾತ್‌ನ (ಶಿಲೀಂಧ್ರ ಬೆಳೆಸಿದ ದ್ರವ ಮಾಧ್ಯಮದ) ಪಿಎಚ್ ಅಳೆಯಿರಿ. ಪೆನಿಸಿಲಿಯಮ್, ಆಸ್ಪರ್ಜಿಲಸ್‌ಗಳು ಸಿಟ್ರಿಕ್, ಆಕ್ಸಾಲಿಕ್ ಮುಂತಾದ ಆಮ್ಲಗಳನ್ನು ಧಾರಾಳವಾಗಿ ಬಿಡುತ್ತವೆ. ಬ್ರಾತ್‌ನ ಪಿಎಚ್ 3ಕ್ಕೆ ಇಳಿದಿದ್ದರೆ, ಶಿಲೀಂಧ್ರ ಸೋಕದ ಬ್ರಾತ್ ಅನ್ನು ಅದೇ ಪಿಎಚ್‌ಗೆ ತಂದು ಪಕ್ಕದ ಗುಂಡಿಗೆ ಹಾಕಿ. ಅಲ್ಲೂ ವಲಯ ಬಂದರೆ ನಿಮ್ಮದು ಹೊಸ ಆ್ಯಂಟಿಬಯಾಟಿಕ್ ಅಲ್ಲ, ಬರಿಯ ಹುಳಿ.

ಮೂರನೆಯದು, ನಿಮ್ಮ ಮಾಧ್ಯಮದಲ್ಲಿ ನೀವೇ ಹಾಕಿದ ಕ್ಲೋರಾಂಫೆನಿಕಾಲ್. ಬೇರ್ಪಡಿಸುವ ಹಂತದಲ್ಲಿ ಬಳಸಿದ ಆ್ಯಂಟಿಬಯಾಟಿಕ್ ಸಂಯುಕ್ತ ತೆಗೆಯುವ ಬ್ರಾತ್‌ನಲ್ಲಿ ಇರಲೇಬಾರದು. ಈಥೈಲ್ ಅಸಿಟೇಟ್ ಅದನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಸಾರದಲ್ಲಿ ಅದು ಸಾಂದ್ರವಾಗಿ ಕುಳಿತಿರುತ್ತದೆ.

ಲಕ್ಷಣ: ಮಾಸ್ ಸ್ಪೆಕ್ಟ್ರಮ್‌ನಲ್ಲಿ ಎಲ್ಲ ಮಾದರಿಯಲ್ಲೂ ಒಂದೇ ಎತ್ತರದ ಗೆರೆ

ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 149, 279, 391 ಅಥವಾ 413ರಲ್ಲಿ ಬಲವಾದ ಗೆರೆ ಕಂಡರೆ ಹೊಸ ಸಂಯುಕ್ತ ಸಿಕ್ಕಿತೆಂದು ಸಂತೋಷಪಡುವ ಮೊದಲು ಥ್ಯಾಲೇಟ್‌ಗಳನ್ನು ನೆನೆಯಬೇಕು. ಪ್ಲಾಸ್ಟಿಕ್ ಮೃದುಗೊಳಿಸಲು ಬಳಸುವ ಈ ರಾಸಾಯನಿಕಗಳು ಟ್ಯೂಬ್, ಪೈಪೆಟ್ ತುದಿ, ದ್ರಾವಕದ ಡಬ್ಬಿಗಳಿಂದ ಸಾರಕ್ಕೆ ಇಳಿಯುತ್ತವೆ. ಥ್ಯಾಲೇಟ್‌ಗಳನ್ನು ಶಿಲೀಂಧ್ರದ ಉತ್ಪನ್ನಗಳೆಂದು ವರದಿ ಮಾಡಿದ ಪ್ರಕಟಣೆಗಳು ಒಂದೆರಡಲ್ಲ. ಶಿಲೀಂಧ್ರ ಹಾಕದ ಬ್ರಾತ್ ಅನ್ನು ಅಷ್ಟೇ ದಿನ ಇಟ್ಟು, ಅದೇ ದ್ರಾವಕ, ಅದೇ ಪಾತ್ರೆಗಳಲ್ಲಿ ಸಾರ ತೆಗೆದು ಜೊತೆಗೇ ಓಡಿಸಿ. ಆ ಖಾಲಿ ಮಾದರಿಯಲ್ಲೂ ಗೆರೆ ಇದ್ದರೆ ಅದನ್ನು ಲೆಕ್ಕದಿಂದ ತೆಗೆಯಿರಿ, ಮುಂದಿನ ಬಾರಿ ಗಾಜಿನ ಪಾತ್ರೆಯನ್ನೇ ಬಳಸಿ.

ಲಕ್ಷಣ: ಮೊದಲು ಸಿಕ್ಕಿದ್ದ ಸಂಯುಕ್ತ ಈಗ ಸಿಗುತ್ತಿಲ್ಲ

ಎಂಡೋಫೈಟ್ ಸಂಶೋಧನೆಯನ್ನು ಕಾಡುವ ಅತಿ ದೊಡ್ಡ ದೋಷ ಇದು. ಆದರೂ ಇಲ್ಲಿ ಸಹ ಸರಳ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು.

ಸಂಯುಕ್ತ ಎಲ್ಲಿದೆ ಎಂದು ನೋಡಿದ್ದೀರಾ? ಕೆಲವು ಬ್ರಾತ್‌ಗೆ ಹೊರಬರುತ್ತವೆ, ಕೆಲವು ಕವಕಜಾಲದ (ಶಿಲೀಂಧ್ರದ ಎಳೆಗಳ ಜಾಲದ) ಒಳಗೇ ಉಳಿಯುತ್ತವೆ. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಯಾವ ದಿನ ಕಟಾವು ಮಾಡಿದಿರಿ? ಇಂಥ ಸಂಯುಕ್ತಗಳು ಹೆಚ್ಚಾಗಿ ಬೆಳವಣಿಗೆ ನಿಧಾನವಾದ ಮೇಲೆಯೇ ತಯಾರಾಗುವುದರಿಂದ 7, 14, 21ನೆಯ ದಿನಗಳ ಫ್ಲಾಸ್ಕ್‌ಗಳನ್ನು ಹೋಲಿಸಬೇಕು. ಕ್ಯಾಂಪ್ಟೋಥೆಸಿನ್ ವಿಷಯದಲ್ಲಿ ಪಿಎಚ್ ಮತ್ತೆ ಮುಖ್ಯವಾಗುತ್ತದೆ. ಅದರ ಅಣುವಿನಲ್ಲಿರುವ ಲ್ಯಾಕ್ಟೋನ್ ಉಂಗುರ ಕ್ಷಾರೀಯ ದ್ರಾವಣದಲ್ಲಿ ತೆರೆದುಕೊಂಡು ನೀರಿನಲ್ಲಿ ಕರಗುವ ರೂಪ ತಾಳುತ್ತದೆ. ಆಗ ಎಷ್ಟು ಸಲ ಈಥೈಲ್ ಅಸಿಟೇಟ್ ಹಾಕಿ ಕುಲುಕಿದರೂ ಅದು ನೀರಿನ ಪದರದಲ್ಲೇ ಉಳಿಯುತ್ತದೆ. ಶಿಲೀಂಧ್ರ ಬೆಳೆದ ಬ್ರಾತ್ ಕ್ಷಾರೀಯವಾಗಿದ್ದರೆ, ಸಾರ ತೆಗೆಯುವ ಮೊದಲು ಆಮ್ಲ ಸೇರಿಸಿ ಪಿಎಚ್ 4ರ ಕೆಳಗೆ ತಂದು ಸ್ವಲ್ಪ ಹೊತ್ತು ಬಿಡಿ. ಕಳೆದುಹೋಯಿತೆಂದುಕೊಂಡ ಸಂಯುಕ್ತ ಇಷ್ಟರಿಂದಲೇ ಮರಳಿ ಕಾಣಿಸಬಹುದು.

ಮೊದಲ ಪರಿಶೀಲನೆಗೆ ಟಿಎಲ್‌ಸಿ (ತೆಳು ಪದರದ ಹಾಳೆಯ ಮೇಲೆ ಸಂಯುಕ್ತಗಳನ್ನು ಬೇರ್ಪಡಿಸುವ ವಿಧಾನ) ಸಾಕು. 365 ನ್ಯಾನೊಮೀಟರ್ ನೇರಳಾತೀತ ಬೆಳಕಿನಡಿ ಕ್ಯಾಂಪ್ಟೋಥೆಸಿನ್ ಪ್ರಖರ ನೀಲಿಯಾಗಿ ಹೊಳೆಯುತ್ತದೆ. ಪಕ್ಕದಲ್ಲಿ ಶುದ್ಧ ಮಾದರಿಯ ಚುಕ್ಕೆ ಇರಬೇಕು, ಕಣ್ಣಿಗೆ ನೇರಳಾತೀತ ಕಿರಣ ತಡೆಯುವ ಕನ್ನಡಕವೂ ಇರಬೇಕು. ನೀಲಿ ಹೊಳಪು ಸಂಶಯಕ್ಕೆ ಆಧಾರವೇ ಹೊರತು ಪುರಾವೆಯಲ್ಲ, ಏಕೆಂದರೆ ಹಾಗೆ ಹೊಳೆಯುವ ಸಂಯುಕ್ತಗಳು ಹಲವಿವೆ. ಪುರಾವೆಗೆ ಎಚ್‌ಪಿಎಲ್‌ಸಿಯಲ್ಲಿ (ಒತ್ತಡದಲ್ಲಿ ದ್ರವ ಹರಿಸಿ ಸಂಯುಕ್ತಗಳನ್ನು ಬೇರ್ಪಡಿಸುವ ಯಂತ್ರದಲ್ಲಿ) ಅದೇ ಸಮಯಕ್ಕೆ ಬರುವ ಶಿಖರವೂ ಮಾಸ್ ಸ್ಪೆಕ್ಟ್ರಮ್‌ನಲ್ಲಿ 349ರ ಗೆರೆಯೂ ಅದರ ಒಡೆದ ತುಣುಕುಗಳೂ ಶುದ್ಧ ಮಾದರಿಯೊಂದಿಗೆ ತಾಳೆಯಾಗಬೇಕು. ಶುದ್ಧ ಕ್ಯಾಂಪ್ಟೋಥೆಸಿನ್ ಪುಡಿ ಜೀವಕೋಶಗಳಿಗೆ ವಿಷ. ಕೈಗವಸು, ಮಾಸ್ಕ್ ಇಲ್ಲದೆ, ಫ್ಯೂಮ್ ಹುಡ್‌ನ ಹೊರಗೆ ಅದನ್ನು ತೂಕ ಮಾಡಬಾರದು.

ಇದೆಲ್ಲ ಸರಿಯಿದ್ದೂ ಸಂಯುಕ್ತ ಇಲ್ಲವೆಂದಾದರೆ ಸಬ್‌ಕಲ್ಚರ್‌ನ, ಅಂದರೆ ಶಿಲೀಂಧ್ರವನ್ನು ಹೊಸ ತಟ್ಟೆಗೆ ಎಷ್ಟು ಬಾರಿ ವರ್ಗಾಯಿಸಿದಿರೆಂಬುದರ, ಲೆಕ್ಕ ತೆಗೆಯಿರಿ. ಜರ್ಮನಿಯ ಡಾರ್ಟ್‌ಮಂಡ್‌ನ ತಂಡವು ಕ್ಯಾಂಪ್ಟೋಥೀಕಾ ಮರದಿಂದ ಪಡೆದ ಫ್ಯುಸೇರಿಯಮ್ ಸೊಲಾನಿಯನ್ನು ಹಿಂಬಾಲಿಸಿ, ಏಳನೆಯ ಪೀಳಿಗೆಯ ಸಬ್‌ಕಲ್ಚರ್ ಹೊತ್ತಿಗೆ ಉತ್ಪಾದನೆ ಗಣನೀಯವಾಗಿ ಕುಸಿದದ್ದನ್ನು 2011ರಲ್ಲಿ ವರದಿ ಮಾಡಿತು. ಸಂಯುಕ್ತ ತಯಾರಿಕೆಯ ಕೆಲವು ಹೆಜ್ಜೆಗಳ ಜೀನ್‌ಗಳು ಆ ಶಿಲೀಂಧ್ರದಲ್ಲಿದ್ದರೂ, ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಎಂಬ ಒಂದು ನಿರ್ಣಾಯಕ ಕಿಣ್ವದ ಜೀನ್ ಸಿಗಲಿಲ್ಲ. ಆ ಹೆಜ್ಜೆಗೆ ಅದು ಆತಿಥೇಯ ಮರವನ್ನೇ ಅವಲಂಬಿಸಿದೆ ಎಂದು ತಂಡ ತೀರ್ಮಾನಿಸಿತು. ಅಷ್ಟೇ ಅಲ್ಲ, ಇದ್ದ ಜೀನ್‌ಗಳಲ್ಲೂ ಪೀಳಿಗೆ ಕಳೆದಂತೆ ಬದಲಾವಣೆಗಳು ಕಂಡವು, ಮತ್ತು ಶಿಲೀಂಧ್ರವನ್ನು ಮರಳಿ ಗಿಡಕ್ಕೆ ಸೇರಿಸಿದರೂ ಶಕ್ತಿ ಮರಳಲಿಲ್ಲ.

ಬೆಂಗಳೂರಿನ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕಿಂತ ಆಶಾದಾಯಕ. ನೋಥಪೋಡೈಟಿಸ್ ಮತ್ತು ಮಿಕ್ವೀಲಿಯ ಡೆಂಟಾಟ ಗಿಡಗಳ ಎಂಡೋಫೈಟ್‌ಗಳಲ್ಲಿ ಕುಂದಿದ್ದ ಉತ್ಪಾದನೆಯು, ಶಿಲೀಂಧ್ರವನ್ನು ಕ್ಯಾಂಪ್ಟೋಥೆಸಿನ್ ಇರುವ ಗಿಡದ ಮೂಲಕ ಮತ್ತೊಮ್ಮೆ ಹಾಯಿಸಿದಾಗ ಹೆಚ್ಚಿತು. ಆ ಸಂಯುಕ್ತವಿಲ್ಲದ ಗಿಡದ ಮೂಲಕ ಹಾಯಿಸಿದಾಗ ಅಷ್ಟು ಹೆಚ್ಚಲಿಲ್ಲ. ಜೀನ್‌ಗಳನ್ನು ಮೌನಗೊಳಿಸಬಲ್ಲ ಡಿಎನ್‌ಎ ಮೆಥಿಲೀಕರಣವನ್ನು ತಡೆಯುವ 5-ಅಜಾಸೈಟಿಡಿನ್ ಸೇರಿಸಿದಾಗಲೂ ಉತ್ಪಾದನೆ ಏರಿತು. ಅಂದರೆ ಕೆಲವು ಶಿಲೀಂಧ್ರಗಳಲ್ಲಿ ಜೀನ್ ಕಳೆದುಹೋಗಿರುವುದಿಲ್ಲ, ಮೌನವಾಗಿರುತ್ತದೆ. ಈ ಎರಡು ಸ್ಥಿತಿಗಳಿಗೂ ಚಿಕಿತ್ಸೆ ಬೇರೆಯಾದ್ದರಿಂದ ನಿಮ್ಮದು ಯಾವುದೆಂದು ತಿಳಿಯುವುದೇ ಮುಂದಿನ ಹೆಜ್ಜೆ.

ಕ್ರಮ ಹೀಗಿರಲಿ. ಮೊದಲು ಫ್ರೀಜರಿನಿಂದ ಎರಡನೆಯ ಅಥವಾ ಮೂರನೆಯ ಪೀಳಿಗೆಯ ಸಂಗ್ರಹ ತೆಗೆದು ಈಗಿನದರ ಪಕ್ಕದಲ್ಲೇ ಬೆಳೆಸಿ. ಹಳೆಯದು ಕೊಟ್ಟು ಹೊಸದು ಕೊಡದಿದ್ದರೆ ದೋಷ ಸಬ್‌ಕಲ್ಚರಿನದೇ. ಎರಡೂ ಕೊಡದಿದ್ದರೆ ಮಾಧ್ಯಮವನ್ನು ಅನುಮಾನಿಸಿ: ಬ್ರಾತ್ ಬದಲು ಬೇಯಿಸಿ ಆಟೋಕ್ಲೇವ್ ಮಾಡಿದ ಅಕ್ಕಿಯ ಮೇಲೆ ಬೆಳೆಸಿ ನೋಡಿ, ಕುಲುಕುವ ಬದಲು ಅಲುಗಾಡಿಸದೆ ಇಟ್ಟು ನೋಡಿ. ಆಮೇಲೆ ಆತಿಥೇಯ ಗಿಡದ ಎಲೆಯ ಸಾರವನ್ನು ಫಿಲ್ಟರ್ ಮಾಡಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಬಹುದು, ಆದರೆ ಆ ಸಾರದಲ್ಲೇ ಇರುವ ಕ್ಯಾಂಪ್ಟೋಥೆಸಿನ್ ಎಷ್ಟೆಂದು ಮೊದಲು ಅಳೆದು ಕಳೆಯಬೇಕು. 5-ಅಜಾಸೈಟಿಡಿನ್ ಕೊನೆಯ ಆಯ್ಕೆ. ಅದು ಡಿಎನ್‌ಎ ಮೇಲೆ ಕೆಲಸ ಮಾಡುವ ವಿಷವಾದ್ದರಿಂದ ಗರ್ಭಿಣಿಯರು ಅದನ್ನು ಮುಟ್ಟಬಾರದು, ಅದರ ತ್ಯಾಜ್ಯವನ್ನು ಸಿಂಕಿಗೆ ಚೆಲ್ಲಬಾರದು, ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಮಾರ್ಗದರ್ಶಕರ ಸಮ್ಮುಖದಲ್ಲಲ್ಲದೆ ಬಳಸಬಾರದು.

ಫ್ರೀಜರಿನಲ್ಲಿ ಹಳೆಯ ಸಂಗ್ರಹವೇ ಇಲ್ಲವೆಂದಾದರೆ ಅಲ್ಲಿಗೆ ನಿಲ್ಲಿಸಿ, ಗಿಡದಿಂದ ಮತ್ತೆ ಬೇರ್ಪಡಿಸುವುದೇ ಕಡಿಮೆ ಶ್ರಮದ ದಾರಿ. ಈ ಬಾರಿ ಶಿಲೀಂಧ್ರ ಶುದ್ಧವಾದ ವಾರದಲ್ಲೇ 20 ಪ್ರತಿಶತ ಗ್ಲಿಸರಾಲ್‌ನಲ್ಲಿ ಹತ್ತಾರು ಟ್ಯೂಬ್‌ಗಳನ್ನು ತುಂಬಿ ಮೈನಸ್ 80 ಡಿಗ್ರಿಯಲ್ಲಿಡಿ. ಅಂಥ ಫ್ರೀಜರ್ ಇಲ್ಲದ ಕಾಲೇಜುಗಳಲ್ಲಿ ಅಗರ್ ತುಂಡುಗಳನ್ನು ಕ್ರಿಮಿರಹಿತ ನೀರು ತುಂಬಿದ ಬಿಗಿ ಮುಚ್ಚಳದ ಸೀಸೆಗಳಲ್ಲಿಡುವ ಹಳೆಯ ವಿಧಾನವೂ ಹಲವು ಶಿಲೀಂಧ್ರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಪ್ರತಿ ಟ್ಯೂಬಿನ ಮೇಲೂ ಪೀಳಿಗೆಯ ಸಂಖ್ಯೆ ಬರೆದಿರಬೇಕು.

ಲಕ್ಷಣ: ಗಿಡದ ಸಂಯುಕ್ತ ಶಿಲೀಂಧ್ರದಲ್ಲೂ ಕಂಡಿದೆ, ಆದರೆ ಅತ್ಯಲ್ಪ

ಅತ್ಯಲ್ಪ ಪ್ರಮಾಣ ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಇದು ಗಿಡದಿಂದ ಹಾಗೆಯೇ ಬಂದ ಶೇಷವೇ? ಮೊದಲ ತಟ್ಟೆಯಲ್ಲಿ ಎಲೆಯ ಚೂರೂ ಇರುತ್ತದೆ, ಅದರೊಳಗಿನ ಸಂಯುಕ್ತ ಅಗರ್‌ಗೆ ಇಳಿದು ಶಿಲೀಂಧ್ರಕ್ಕೆ ಅಂಟಿ ಬರುತ್ತದೆ. ಎರಡು ಮೂರು ಬಾರಿ ಎಳೆಯ ತುದಿಯನ್ನಷ್ಟೇ ವರ್ಗಾಯಿಸಿದ ಮೇಲಿನ ಕಲ್ಚರಿನಲ್ಲಿ ಮಾತ್ರ ಅಳತೆ ಮಾಡಬೇಕು. ಗಿಡದ ಮಾದರಿ ಮತ್ತು ಶಿಲೀಂಧ್ರದ ಮಾದರಿಯನ್ನು ಒಂದೇ ದಿನ ಒಂದೇ ಎಚ್‌ಪಿಎಲ್‌ಸಿ ಕಾಲಮ್ಮಿನಲ್ಲಿ ಓಡಿಸಿದ್ದರೆ ನಡುವೆ ಖಾಲಿ ದ್ರಾವಕವನ್ನು ಹರಿಸಿ, ಹಿಂದಿನದರ ಶೇಷ ಮುಂದಿನದಕ್ಕೆ ದಾಟಿದೆಯೇ ನೋಡಿ.

ಈ ಎಚ್ಚರಿಕೆ ಅತಿಯಾಯಿತೆಂದು ಅನಿಸಿದರೆ ಯೂ ಮರದಿಂದ ದೊರೆತ ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್‌ನ ಇತಿಹಾಸ ನೋಡಬೇಕು. ಅಮೆರಿಕದ ಮೊಂಟಾನಾದಲ್ಲಿ ಪೆಸಿಫಿಕ್ ಯೂ ಮರದ ಒಳತೊಗಟೆಯಿಂದ ಪಡೆದ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ ಎಂಬ ಶಿಲೀಂಧ್ರವು ಲೀಟರಿಗೆ 24ರಿಂದ 50 ನ್ಯಾನೊಗ್ರಾಂ ಟ್ಯಾಕ್ಸಾಲ್ ತಯಾರಿಸುತ್ತದೆಂದು 1993ರಲ್ಲಿ ಪ್ರಕಟವಾಯಿತು. ಆ ಬಳಿಕ ಅನೇಕ ಶಿಲೀಂಧ್ರಗಳ ಹೆಸರಿನಲ್ಲಿ ಅದೇ ಬಗೆಯ ವರದಿಗಳು ಬಂದವು. 2013ರಲ್ಲಿ ಜರ್ಮನಿಯ ಸಂಶೋಧಕರು ಆ ಮೂಲ ಶಿಲೀಂಧ್ರದ ಜೀನೋಮನ್ನೇ ಓದಿ ನೋಡಿದಾಗ, ಯೂ ಮರದಲ್ಲಿ ಟ್ಯಾಕ್ಸಾಲ್ ತಯಾರಿಸುವ ಜೀನ್‌ಗಳನ್ನು ಹೋಲುವಂಥವು ಸಿಗಲಿಲ್ಲ; ಶಿಲೀಂಧ್ರ ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುತ್ತದೆ ಎಂಬುದಕ್ಕೆ ತಮಗೆ ಆಧಾರ ಸಿಗಲಿಲ್ಲವೆಂದು ಅವರು ಬರೆದರು. ಇಪ್ಪತ್ತು ವರ್ಷಗಳ ಕಾಲ ಅಷ್ಟೊಂದು ಪ್ರಯೋಗಾಲಯಗಳು ಪಟ್ಟ ಶ್ರಮ ದೊಡ್ಡದು, ಹಾಗಾಗಿಯೇ ಮೊದಲ ವಾರದ ಪರೀಕ್ಷೆಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಖಚಿತ ಪುರಾವೆ ಬೇಕಾದರೆ ಇಂಗಾಲ-13 ಗುರುತಿರುವ ಗ್ಲೂಕೋಸನ್ನು ಶಿಲೀಂಧ್ರಕ್ಕೆ ಉಣಿಸಿ, ಆ ಗುರುತು ಸಂಯುಕ್ತದ ಅಣುವಿನಲ್ಲಿ ಕಾಣಿಸಿಕೊಳ್ಳುತ್ತದೆಯೇ ಎಂದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಬೇಕು. ಗಿಡದಿಂದ ಅಂಟಿ ಬಂದ ಸಂಯುಕ್ತದಲ್ಲಿ ಈ ಗುರುತು ಇರಲು ಸಾಧ್ಯವಿಲ್ಲ. ಇದು ಕಾಲೇಜು ಪ್ರಯೋಗಾಲಯದ ಮಿತಿ ಮೀರಿದ ಕೆಲಸವಾದ್ದರಿಂದ ಈ ಹಂತದಲ್ಲಿ ನಿಂತು, ಉಪಕರಣ ಮತ್ತು ಅನುಭವ ಎರಡೂ ಇರುವ ಪ್ರಯೋಗಾಲಯದ ಜೊತೆಗೂಡಬೇಕು. ಹೋಗುವಾಗ ಜೊತೆಯಲ್ಲಿರಬೇಕಾದವು ಇಷ್ಟು: ಪೀಳಿಗೆ ಬರೆದ ಟ್ಯೂಬ್‌ಗಳು, ಅಚ್ಚಿನ ತಟ್ಟೆಯ ಚಿತ್ರ, ಶಿಲೀಂಧ್ರವಿಲ್ಲದ ಬ್ರಾತ್‌ನ ಫಲಿತಾಂಶ, ಮರದ ಗುರುತಿನ ಹರ್ಬೇರಿಯಂ (ಒಣಗಿಸಿ ಅಂಟಿಸಿದ) ಮಾದರಿ. ಫಲಿತಾಂಶ ಪ್ರಕಟಿಸುವ ಮೊದಲು ಕಲ್ಚರನ್ನು ಪುಣೆಯ ಸಂಗ್ರಹಕ್ಕೋ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹವಾದ ಎಂಟಿಸಿಸಿಗೋ ಒಪ್ಪಿಸಿ ಸಂಖ್ಯೆ ಪಡೆಯಿರಿ. ಪೇಟೆಂಟ್ ಯೋಚನೆ ಇದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ವಿಧಿಗಳನ್ನು ಅರ್ಜಿ ಹಾಕುವ ಮೊದಲೇ ಪೂರೈಸಿಕೊಳ್ಳಿ.